ಒದ್ದುಕೊಂಡು ಬಂದವಳು

ನಮ್ಮ ಮನೆಗೆ ಸುಣ್ಣ ಹೊಡೆಸುವಾಗಲೆಲ್ಲ ಒಂದು ಜಗಳ ಆಗಿಯೇ ಆಗುತ್ತದೆ. ಜಗಳದ ಮೂಲ ಒಂದು ಹವಾಯಿ ಚಪ್ಪಲಿ. ಅದೂ ಜೋಡಿಯಲ್ಲ, ಎಡಗಾಲಿನದು ಮಾತ್ರ. ನನ್ನ ಹೊಲಿಗೆ ಮಿಷನ್ನಿನ ಹಿಂದಿನ ಗೋಡೆಯ ಮೊಳೆಗೆ ಅದನ್ನು ನೇತುಹಾಕಿದ್ದೇನೆ. ನೀಲಿ ಬಾರು, ಹಿಮ್ಮಡಿಯನ್ನು ಹಿಡಿದುಕೊಳ್ಳಲಿ ಎಂದು ನಾನೇ ಹೊಲಿದ ಲಂಗದ ಎಲಾಸ್ಟಿಕ್ಕು, ಎಲಾಸ್ಟಿಕ್ಕು ಒತ್ತದಿರಲಿ ಎಂದು ಅದರ ಮೇಲೆ ಯಾರದೋ ರವಿಕೆಯಲ್ಲಿ ಮಿಕ್ಕಿದ ಕೆಂಪು ಸ್ಯಾಟಿನ್ ತುಂಡು. ರವಿಕೆ ಹೊಲಿಸಲು ಬಂದವರು, "ದೃಷ್ಟಿಗೆ ಕಟ್ಟಿದ್ದೀರಾ ಅಕ್ಕಾ?" ಎಂದು ಕೇಳುತ್ತಾರೆ. ನಾನು ಹೂಂ ಎಂದು ಅಳತೆ ತೆಗೆದುಕೊಳ್ಳುತ್ತೇನೆ.

ನಮ್ಮ ಯಜಮಾನರು ತಾಂಡ್ಯದ ಕಾರ್ಖಾನೆಯಲ್ಲಿ ದುಡಿದವರು. ಕೆಲಸಕ್ಕೆ ಬಾರದ ಯಾವ ವಸ್ತುವನ್ನು ಕಂಡರೂ ಅವರ ಬಾಯಿಗೆ ಬರುವ ಮಾತು ಒಂದೇ, ಸ್ಕ್ರ್ಯಾಪ್.

"ಈ ಸ್ಕ್ರ್ಯಾಪ್ನ ಈ ಸಲನಾದ್ರೂ ಎಸೀಲೇನೇ?"

"ಎಸೀರಿ. ಆಮೇಲೆ ನಾನೂ ಶುರು ಮಾಡ್ತೀನಿ. ನಿಮ್ಮ ಕೆಟ್ಟೋಗಿರೋ ಟೇಪ್ ರೆಕಾರ್ಡರಿಂದ."

ಚಪ್ಪಲಿ ಮತ್ತೆ ಮೊಳೆಗೆ ಏರುತ್ತದೆ. ಅದರ ಜೋಡಿ, ಬಲಗಾಲಿನದು, ಸವೆದು ತೂತಾಗಿ ಎಂದೋ ಹೋಯಿತು. ಪಾಪ, ಇಬ್ಬರ ಕೆಲಸವನ್ನೂ ಅದೊಂದೇ ಮಾಡಿತ್ತು.

ಈ ಚಪ್ಪಲಿಯ ವಿಚಾರ ಹೇಳಬೇಕಾದರೆ ನಾನು ಹುಟ್ಟಿದಲ್ಲಿಂದ ಹೇಳಬೇಕು. ಗಾಬರಿಯಾಗಬೇಡಿ, ಬೇಗ ಮುಗಿಸುತ್ತೇನೆ. ಹುಟ್ಟುವುದಕ್ಕೆ ಮಾತ್ರ ಬಹಳ ಹೊತ್ತು ತೆಗೆದುಕೊಂಡೆನಂತೆ.

ನಾನು ಹುಟ್ಟಿದ್ದು ಟಿ. ನರಸೀಪುರದಲ್ಲಿ, ಹೊಳೆಗೆ ಇಳಿಯುವ ಬೀದಿಯ ಒಂದು ಹೆಂಚಿನ ಮನೆಯಲ್ಲಿ. ಬೇರೆ ಮಕ್ಕಳೆಲ್ಲ ಮರ್ಯಾದೆಯಾಗಿ ತಲೆ ತಗ್ಗಿಸಿಕೊಂಡು ಬಂದರೆ ನಾನು ಕಾಲು ಚಾಚಿದೆ. ಮೊದಲು ಹೊರಗೆ ಬಂದದ್ದು ಎಡ ಪಾದವಂತೆ. ಅದನ್ನು ಕಂಡ ಸೂಲಗಿತ್ತಿ ಎದೆ ಎದೆ ಬಡಿದುಕೊಂಡಳಂತೆ. ಆದರೂ ಅವ್ವನೂ ಉಳಿದಳು, ನಾನೂ ಉಳಿದೆ. ಗಿರಿಜಾ ಎಂದು ಹೆಸರಿಟ್ಟರು. ಬೀದಿಯವರ ಪಾಲಿಗೆ ಮಾತ್ರ ನಾನು ಕಾಲು ಮುಂದಾಗಿ ಹುಟ್ಟಿದ ಕೂಸು.

ಇದರ ಬೆಲೆ ನಮ್ಮ ಕಡೆಯವರಿಗೆ ಗೊತ್ತು. ಬೇರೆಯವರಿಗೆ ಹೇಳುತ್ತೇನೆ. ಸೊಂಟ ಹಿಡಿದುಕೊಂಡರೆ, ಬೆನ್ನು ಉಳುಕಿದರೆ, ಕಾಲು ಮುಂದಾಗಿ ಹುಟ್ಟಿದವರು ಬಂದು ತುಳಿಯಬೇಕು. ಅದಕ್ಕೆ ಕಟ್ಟುಪಾಡುಗಳಿದ್ದವು. ಬೆಳಿಗ್ಗೆ ಮುಖ ತೊಳೆಯುವ ಮುಂಚೆ ಬರಬೇಕು. ಬೋರಲು ಮಲಗಬೇಕು. ಎಡಗಾಲಿನಲ್ಲಿ ಮೂರು ಸಲ ತುಳಿಸಿಕೊಂಡು, ಎದ್ದು, ತಿರುಗಿ ನೋಡದೆ ಹೋಗಬೇಕು. ಕಬ್ಬು ಕಡಿಯುವವರು, ಮೂಟೆ ಹೊರುವವರು, ತೆಪ್ಪ ನಡೆಸುವವರು, ಎಲ್ಲರೂ ಬರುತ್ತಿದ್ದರು. ನಾನಿನ್ನೂ ಕಣ್ಣು ಉಜ್ಜಿಕೊಳ್ಳುತ್ತಿರುವಾಗಲೇ ಜಗಲಿಯ ಮೇಲೆ ಯಾರೋ ಒಬ್ಬರು ಬೋರಲು ಬಿದ್ದಿರುತ್ತಿದ್ದರು. ಅವ್ವ ನನ್ನ ಕಂಕುಳಿಗೆ ಕೈಹಾಕಿ ಎತ್ತಿ ಅವರ ಬೆನ್ನಿನ ಮೇಲೆ ನಿಲ್ಲಿಸಿ, "ತುಳಿ ಕೂಸೇ, ಬಲವಾಗಿ ತುಳಿ" ಅನ್ನುತ್ತಿದ್ದಳು. ನಾನು ತುಳಿಯುತ್ತಿದ್ದೆ. ಅವರು ಅಯ್ಯಪ್ಪಾ ಎಂದು ಎದ್ದು, ಸೊಂಟ ನೀವಿಕೊಂಡು, ನಡೆದೇ ಬಿಡುತ್ತಿದ್ದರು. ಸಂಜೆಗೆ ಬೆಲ್ಲದಚ್ಚೋ ಕಡ್ಲೆಪುರಿಯೋ ನಮ್ಮ ಮನೆಗೆ ಬರುತ್ತಿತ್ತು.

ಒಂದು ದಿನ ಎದ್ದು ಬಂದು ನೋಡುತ್ತೇನೆ, ಜಗಲಿಯ ಮೇಲೆ ನಮ್ಮ ಲೆಕ್ಕದ ಮೇಷ್ಟ್ರು! ಹಿಂದಿನ ದಿನ ತಾನೇ ಭಾಗಾಕಾರ ಬರಲಿಲ್ಲ ಎಂದು ನನ್ನ ಅಂಗೈ ಊದಿಸಿದ್ದವರು. ಅಂಥ ಅದೃಷ್ಟ ಎಷ್ಟು ಮಕ್ಕಳಿಗೆ ಸಿಗುತ್ತದೆ ಹೇಳಿ. ಅವತ್ತು ನಾನು ತುಳಿದ ತುಳಿತ ನೋಡಿ ಅವ್ವನೇ, "ಸಾಕು ಬುಡೇ, ಮೇಷ್ಟ್ರು ಕಣೇ!" ಎಂದು ಕೂಗಿದಳು. ಮೂರರ ಲೆಕ್ಕ ನನಗೆ ತಪ್ಪಿಹೋಗಿತ್ತು. ಲೆಕ್ಕದಲ್ಲಿ ದಡ್ಡಿ ಎಂದು ಅವರೇ ಹೇಳಿದ್ದರಲ್ಲ! ಮೇಷ್ಟ್ರಿಗೆ ಗುಣವಾಯಿತು. ಮರುದಿನ ನೆಟ್ಟಗೆ ನಿಂತು, ಇನ್ನೂ ಜೋರಾಗಿ ಹೊಡೆದರು. ಆದರೂ ನನಗೆ ಇವತ್ತಿಗೂ ಅದೊಂದು ಸಂತೋಷವೇ.

ಇಂಥವಳಿಗೆ ಬೆನ್ನು ನೋವು ಬರಬಾರದು ಎಂದು ನೀವು ಅಂದುಕೊಳ್ಳಬಹುದು. ನಾನೂ ಅಂದುಕೊಂಡಿದ್ದೆ. ಮದುವೆಯಾಗಿ ನಂಜನಗೂಡಿಗೆ ಬಂದು, ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು, ನಮ್ಮ ಸುತ್ತಿನ ಬೀದಿಗಳ ಹೆಂಗಸರಿಗೆಲ್ಲ ರವಿಕೆ ಹೊಲಿದೆ. ಊರವರ ಬೆನ್ನು ತುಳಿದ ಕಾಲು ಈಗ ಪೆಡಲು ತುಳಿಯಿತು. ತೊಂಬತ್ತರ ದಶಕದ ನಡುವಿನಲ್ಲಿ ಒಂದು ದಿನ, ಕೆಳಗೆ ಬಿದ್ದ ಬಾಬಿನ್ನು ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ನಿಂತುಬಿಟ್ಟೆ. ಏಳಲೂ ಆಗದು, ಕೂರಲೂ ಆಗದು. ಎದುರಿಗಿದ್ದ ಗಿರಾಕಿ ನಾನು ತನ್ನ ಕಾಲಿಗೆ ಬೀಳುತ್ತಿದ್ದೇನೆ ಎಂದುಕೊಂಡು, "ಅಯ್ಯೋ ಬಿಡಿ ಅಕ್ಕಾ, ಸೋಮವಾರಕ್ಕೇ ಕೊಡಿ ಪರವಾಗಿಲ್ಲ" ಎಂದು ಹಿಂದೆ ಸರಿದಳು. ಅಂದು ಬಂದ ನೋವು ಇವತ್ತು ಹೋದೀತು, ನಾಳೆ ಹೋದೀತು ಎಂದು ಕಾದದ್ದೇ ಬಂತು. ವರ್ಷಗಳು ಹೋದವು, ಅದು ಹೋಗಲಿಲ್ಲ.

ನೋವಿಗಿಂತ ಜೋರು ಸಲಹೆಗಳು. ಹಲಗೆಯ ಮೇಲೆ ಮಲಗು, ಹುರುಳಿ ಹುರಿದು ಗಂಟು ಕಟ್ಟಿ ಶಾಖ ಕೊಡು, ಈ ಎಣ್ಣೆ, ಆ ಮುಲಾಮು. ಹೇಳುವವರೇ ಕೊನೆಗೆ, "ಬೆನ್ನು ನೋಡ್ಕೊಳ್ಳಿ ಅಕ್ಕಾ, ಶುಕ್ರವಾರಕ್ಕೆ ರವಿಕೆ ಮಾತ್ರ ತಪ್ಪಿಸ್ಬೇಡಿ" ಎಂದು ಹೋಗುವರು. ನಂಜನಗೂಡಿನಲ್ಲಿ ಇದ್ದುಕೊಂಡು ಕಾಯಿಲೆ ಬೀಳುವುದು ಇನ್ನೂ ಕಷ್ಟ. ಎಲ್ಲೆಲ್ಲಿಂದಲೋ ಜನ ಬಂದು ಕಪಿಲೆಯಲ್ಲಿ ಮುಳುಗಿ, ನಂಜುಂಡೇಶ್ವರನಿಗೆ ಕೈಮುಗಿದು ಗುಣವಾಗಿ ಹೋಗುತ್ತಾರೆ, ಪಕ್ಕದ ಬೀದಿಯವಳಾದ ನಿನಗೇನು ಧಾಡಿ ಎಂದು ಕೇಳುತ್ತಾರೆ. ನಮ್ಮ ಅತ್ತೆಯವರು ಒಂದು ಹೆಜ್ಜೆ ಮುಂದೆ ಹೋಗಿ ನನ್ನ ಹೆಸರಿನಲ್ಲಿ ಉರುಳುಸೇವೆಯನ್ನೇ ಹೊತ್ತುಕೊಂಡರು.

"ಅತ್ತೆ, ಮಗ್ಗುಲು ಬದಲಾಯಿಸೋಕೇ ಆಗಲ್ಲ ನಂಗೆ. ದೇವಸ್ಥಾನದ ಸುತ್ತ ಉರುಳೋದು ಹೆಂಗೆ?"

"ಅವ್ನೇ ಉರುಳುಸ್ಕತಾನೆ ಬುಡು."

"ಉರುಳುಸ್ಕಂಡು ಎಲ್ಲಿಗೆ ಕರ್ಕೊಂಡೋಯ್ತಾನೋ!"

ಅತ್ತೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಸೇವೆಯನ್ನು ಆಮೇಲೆ ಅವರ ಮಗನ ಕೈಲಿ ಮಾಡಿಸಿದರು. ಒದ್ದೆ ಪಂಚೆಯಲ್ಲಿ ಉರುಳಿ ಬಂದ ಯಜಮಾನರಿಗೆ ವಾರವೆಲ್ಲ ಮೈಕೈ ನೋವು. ಹುರುಳಿಯ ಗಂಟನ್ನು ನಾವಿಬ್ಬರೂ ಹಂಚಿಕೊಂಡೆವು.

ನಾನು ಮಾತ್ರ ನೋವಿಗೆ ನೇರವಾಗಿ ಹೇಳಿಬಿಟ್ಟಿದ್ದೆ: ನೀನೂ ಇರು, ನಾನೂ ಇರುತ್ತೇನೆ, ಆದರೆ ಮಿಷನ್ ನನ್ನದು. ಸೀರೆಯ ಮೇಲೆ ಬೆಲ್ಟು ಬಿಗಿದುಕೊಂಡು ಹೊಲಿದೆ. ಕೂರಲಾಗದ ದಿನ ನಿಂತು ಬಟ್ಟೆ ಕತ್ತರಿಸಿದೆ, ನಿಲ್ಲಲಾಗದ ದಿನ ಮಲಗಿಕೊಂಡು ಹುಕ್ಕು ಹಾಕಿದೆ. ಗೌರಿ ಹಬ್ಬದ ರಾಶಿ, ಮದುವೆ ಕಾಲದ ರಾಶಿ, ಯಾವುದನ್ನೂ ವಾಪಸು ಕಳಿಸಲಿಲ್ಲ. "ಸಾಕು ಮಾಡೇ, ನನ್ನ ಸಂಬಳ ಸಾಲ್ದಾ?" ಎಂದು ಯಜಮಾನರು ಬೇಡಿಕೊಂಡರು. ಸಾಲುವುದು ಬಿಡುವುದು ಬೇರೆ. ನನ್ನ ಕತ್ತರಿ ಬಿದ್ದ ರವಿಕೆ ತೊಟ್ಟು ಒಬ್ಬಳು ಬೀದಿಯಲ್ಲಿ ನಡೆದು ಹೋಗುವಾಗ ಹಿಂದಿನಿಂದ ನೋಡುವ ಖುಷಿ ಇದೆಯಲ್ಲ, ಅದನ್ನು ಯಾವ ಸಂಬಳದಲ್ಲಿ ತಂದುಕೊಡುತ್ತಾರೆ?

ಹೀಗೇ ಎರಡು ಸಾವಿರದ ಇಸವಿಯೂ ದಾಟಿತು. ಒಂದು ಬೇಸಿಗೆ, ಅವ್ವನನ್ನು ನೋಡಲೆಂದು ನರಸೀಪುರಕ್ಕೆ ಹೋದೆ. ಬಸ್ ಸ್ಟ್ಯಾಂಡಿನಿಂದ ಮನೆಯ ಕಡೆ ನಡೆಯುತ್ತಿದ್ದೇನೆ, ಟಾರು ಕರಗುವಂಥ ಬಿಸಿಲು. ಹಿಂದಿನಿಂದ ಸೌತೆಕಾಯಿ ಮಾರುವವಳು ಕೂಗಿದಳು.

"ಅಕ್ಕಾ, ಓ ಅಕ್ಕಾ! ಚಪ್ಪಲಿ ಬುಟ್ಬುಟ್ಟು ಓಯ್ತಾ ಇದ್ದೀರಲ್ಲಾ, ಕಾಲು ಸುಡ್ನಿಲ್ವಾ?"

ತಿರುಗಿ ನೋಡಿದೆ. ನನ್ನ ಎಡಗಾಲಿನ ಚಪ್ಪಲಿ ಅಷ್ಟು ದೂರದಲ್ಲಿ ರಸ್ತೆಯ ಮಧ್ಯೆ ಬಿದ್ದಿದೆ. ಕೆಳಗೆ ನೋಡಿಕೊಂಡೆ. ಎಡ ಪಾದ ಬರಿದಾಗಿ ಕಾದ ಟಾರಿನ ಮೇಲೆ ನಿಂತಿದೆ. ಬಲಗಾಲನ್ನೂ ಚಪ್ಪಲಿಯಿಂದ ತೆಗೆದು ಪಕ್ಕಕ್ಕೆ ಇಟ್ಟೆ. ಚುರ್ ಎಂದು ಸುಟ್ಟು ಕಿತ್ತುಕೊಂಡೆ. ಎಡಗಾಲಿಗೆ ಏನೂ ಇಲ್ಲ. ಬಿಸಿ ಇಲ್ಲ, ತಂಪಿಲ್ಲ, ನನ್ನದೆಂಬ ಗುರುತೂ ಇಲ್ಲ. ಇಷ್ಟು ವರ್ಷ ನೋವಿಗೆ ಅಳದವಳು ಅಂದು ನೋವಾಗದ್ದಕ್ಕೆ ಕಣ್ಣೀರು ಹಾಕಿದೆ. ಸೌತೆಕಾಯಿಯವಳು ಚಪ್ಪಲಿ ತಂದು ಕೊಟ್ಟು, ಕುಡಿಯಲು ನೀರು ಕೊಟ್ಟಳು.

ಆ ಸಂಜೆಯೇ ಎಲಾಸ್ಟಿಕ್ಕು ಹೊಲಿದೆ. ಕಾಲು ಚಪ್ಪಲಿಯನ್ನು ಹಿಡಿಯದಿದ್ದರೆ ಚಪ್ಪಲಿಯಾದರೂ ಕಾಲನ್ನು ಹಿಡಿಯಲಿ ಎಂದು. ಆದರೆ ಪೆಡಲಿಗೆ ಏನನ್ನು ಹೊಲಿಯುವುದು? ದಾರ ಹರಿಯುತ್ತಿದ್ದದ್ದು, ಹೊಲಿಗೆ ನಡುನಡುವೆ ನಿಲ್ಲುತ್ತಿದ್ದದ್ದು ಮಿಷನ್ನಿನ ತಪ್ಪಲ್ಲ, ಕಾಲಿನದು ಎಂದು ಆಗ ತಿಳಿಯಿತು. ಎಣ್ಣೆ ಬಿಟ್ಟು ಬಿಟ್ಟು ಮಿಷನ್ನನ್ನು ಬೈದದ್ದೇ ಬೈದದ್ದು.

ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸಿದೆವು. ಎಂಆರ್‌ಐ ಎಂಬ ಕೊಳವೆಯೊಳಗೆ ನನ್ನನ್ನು ತೂರಿಸಿ, ಒಳಗೆ ಯಾರೋ ಡಬರಿ ಬಡಿಯುವ ಹಾಗೆ ಶಬ್ದ ಮಾಡಿದರು. ಡಾಕ್ಟರು ಆ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಚಕ್ರದ ಸ್ಟೂಲಿನ ಮೇಲೆ ಕೂತುಕೊಂಡೇ ನನ್ನ ಮಂಚದ ಬಳಿ ಸರಿದು, ತಮ್ಮ ಅಂಗೈಯನ್ನು ನನ್ನ ಎಡ ಅಂಗಾಲಿಗೆ ಒತ್ತಿ ಹಿಡಿದರು.

"ತಳ್ಳಿಮ್ಮಾ."

ತಳ್ಳಿದೆ.

"ಹೂಂ, ತಳ್ಳಿ."

"ತಳ್ತಾನೇ ಇದ್ದೀನಲ್ಲ ಸಾ!"

ಡಾಕ್ಟರು ಕೈ ತೆಗೆದರು. "ನೋಡಿಮ್ಮಾ, ಡಿಸ್ಕ್ ಜಾರಿ ನರವನ್ನ ಅಮುಕ್ತಾ ಇದೆ. ಬರೀ ನೋವಾಗಿದ್ರೆ ಇನ್ನೂ ಕಾಯೋಣ ಅಂತಿದ್ದೆ. ಆದ್ರೆ ಕಾಲಿನ ಶಕ್ತಿ ಹೋಗ್ತಾ ಇದೆ. ತಡ ಮಾಡಿದ್ರೆ ಆಮೇಲೆ ಆಪರೇಷನ್ ಮಾಡಿದ್ರೂ ವಾಪಸ್ ಬರದೇ ಇರಬಹುದು."

"ಈಗ ಮಾಡಿಸ್ಕೊಂಡ್ರೆ ಬರ್ತದಾ?"

"ಬರೋ ಸಾಧ್ಯತೆ ಚೆನ್ನಾಗಿದೆ. ಗ್ಯಾರಂಟಿ ಅಂತ ಹೇಳಲ್ಲ. ಬೆನ್ನು ನೋವು ಪೂರ್ತಿ ಹೋಗುತ್ತೆ ಅಂತಾನೂ ಹೇಳಲ್ಲ."

"ಮಿಷನ್ ತುಳೀಬೋದಾ ಸಾ?"

"ಅದನ್ನ ಕಾಲೇ ಹೇಳ್ಬೇಕು."

ಮನೆಗೆ ಬಂದು ಹೇಳಿದ್ದೇ ತಡ, ಮನೆ ತುಂಬ ಜನ. "ಬೆನ್ನಿಗೆ ಕತ್ತಿ ಆಕುಸ್ಕಂಡೋರು ಎದ್ದು ಓಡಾಡಿದ್ದ ನಾ ಕಾಣೆ" ಎಂದು ಅತ್ತೆ ತೀರ್ಪು ಕೊಟ್ಟರು. ಬಂದವರೆಲ್ಲರ ಬಾಯಲ್ಲೂ ಹುಲ್ಲಹಳ್ಳಿಯ ಒಬ್ಬನ ಹೆಸರು. ಅವನು ಬೆನ್ನಿನ ಆಪರೇಷನ್ ಮಾಡಿಸಿಕೊಂಡು ಹಾಸಿಗೆ ಹಿಡಿದಿದ್ದಾನಂತೆ, ಹೆಂಡತಿಯೇ ಬಾಯಿಗೆ ಗಂಜಿ ಹಾಕಬೇಕಂತೆ. ಅವನನ್ನು ಕಣ್ಣಾರೆ ಕಂಡಿದ್ದೀರಾ ಎಂದು ಕೇಳಿದರೆ ಯಾರೂ ಕಂಡಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಒಂದು ಬೆಳಿಗ್ಗೆ ಬೆಲ್ಟು ಬಿಗಿದು, ಕೆಂಪು ಎಲಾಸ್ಟಿಕ್ಕಿನ ಚಪ್ಪಲಿ ಮೆಟ್ಟಿ, ಹುಲ್ಲಹಳ್ಳಿಯ ಬಸ್ಸು ಹತ್ತಿದೆ. ಪ್ರತಿ ಗುಂಡಿಗೂ ಡ್ರೈವರನ ವಂಶವನ್ನು ನೆನೆಸಿಕೊಂಡೆ. ಟೀ ಅಂಗಡಿಯಲ್ಲಿ ವಿಚಾರಿಸಿದರೆ ನಾಲೆಯಾಚೆಯ ಗದ್ದೆಗೆ ಕಳಿಸಿದರು. ಅಲ್ಲಿ ಹಾಸಿಗೆ ಹಿಡಿದ ಮಹಾನುಭಾವ ಕಬ್ಬಿನ ಕಂತೆ ಹೊತ್ತು ಟ್ರಾಕ್ಟರಿಗೆ ಎಸೆಯುತ್ತಿದ್ದಾನೆ!

"ಬೆನ್ನಿನ ಆಪರೇಷನ್ನಾ? ನಂಗಾಗಿದ್ದು ಅರ್ನಿಯಾ ಕಣಕ್ಕಾ" ಎಂದು ಅವನು ಬೆವರು ಒರೆಸಿಕೊಂಡ. "ಬೆನ್ನ ಕುಯ್ಸ್ಕಂಡು ಮನಗಿರೋನು ಬ್ಯಾರೆ. ಅವ್ನು ನರಸೀಪುರದೋನಂತೆ."

ನರಸೀಪುರದವಳಾದ ನಾನು ಗದ್ದೆಯ ಬದುವಿನ ಮೇಲೆ ಕೂತು, ಬೆನ್ನು ಹಿಡಿದುಕೊಂಡು ನಕ್ಕೆ. ಮನೆಗೆ ಬಂದು ಅತ್ತೆಗೆ ಹೇಳಿದರೆ, "ಅಂಗಾರೆ ನರಸೀಪುರದೋನೇ ಇರ್ಬೇಕು" ಎಂದರು.

ನಗುತ್ತ ಹೇಳುತ್ತಿದ್ದೇನೆ, ಆದರೆ ಹೆದರಿಕೆ ನನಗೂ ಇತ್ತು. ಬಹಳ ಇತ್ತು. ಬೆನ್ನು ಬಿಚ್ಚುತ್ತಾರೆ ಎಂದು ನೆನೆದರೇ ಜಂಘಾಬಲ ಉಡುಗುತ್ತಿತ್ತು, ಇದ್ದ ಒಂದೂವರೆ ಕಾಲಿನ ಬಲವೂ ಹೋಗುತ್ತಿತ್ತು. ಆ ಹೆದರಿಕೆಯ ಗಳಿಗೆಯಲ್ಲೇ ಅತ್ತೆ ಮಾದಪ್ಪನವರನ್ನು ಕರೆಸಿದ್ದು.

ಮಾದಪ್ಪನವರು ಚಿಕ್ಕಯ್ಯನಛತ್ರದ ಕಡೆಯ ಒಕ್ಕಲು. ಅವರೂ ಕಾಲು ಮುಂದಾಗಿ ಹುಟ್ಟಿದವರು. ಬೆಳಗಿನ ಮೊದಲ ಬಸ್ಸಿಗೆ ಬಂದು, ಕಾಲು ತೊಳೆದು, ನಡುಮನೆಯಲ್ಲಿ ನಿಂತರು. ನೋಡಿದೆ, ಒಳ್ಳೆ ತುಂಬಿದ ಭತ್ತದ ಮೂಟೆಯಂಥ ಆಳು. ಡಾಕ್ಟರು ಬೆನ್ನಿನ ಮೇಲೆ ಯಾರ ಕೈಯನ್ನೂ ಇಡಿಸಬೇಡಿ ಎಂದಿದ್ದರು, ಕಾಲಿನ ಮಾತು ಅವರಿಗೆ ಹೊಳೆದೇ ಇರಲಿಲ್ಲ. ಆದರೂ ಚಾಪೆ ಹಾಸಿದ್ದರು, ನಾನು ಮಲಗಿದೆ. ಒಂದು ತುಳಿತಕ್ಕೆ ಹೋಗುವುದಾದರೆ ಕತ್ತಿ ಯಾಕೆ ಎಂಬ ಆಸೆ.

ಬೋರಲು ಮಲಗಿದವಳ ಮೂಗಿನ ಪಕ್ಕಕ್ಕೆ ಮಾದಪ್ಪನವರ ಎಡಗಾಲಿನ ಹೆಬ್ಬೆರಳು ಬಂದು ನಿಂತಿತು. ಅದನ್ನು ನೋಡುತ್ತ ನೋಡುತ್ತ ನರಸೀಪುರದ ಜಗಲಿ ನೆನಪಾಯಿತು. ಅಷ್ಟು ಜನರ ಬೆನ್ನಿನ ಮೇಲೆ ನಿಂತಿದ್ದಾಗ ನಾನು ಏನು ಯೋಚಿಸುತ್ತಿದ್ದೆ? ಇವತ್ತು ಬೆಲ್ಲವೋ ಪುರಿಯೋ ಎಂದು. ಅದು ಬಿಟ್ಟರೆ, ಜಾರಿ ಬಿದ್ದೇನು ಎಂದು. ಈ ಊರಿನಲ್ಲಿ ಅಂಥ ತುಳಿಯುವ ಕಾಲಿನ ಒಳಗಿದ್ದು ನೋಡಿದವಳು ನಾನೊಬ್ಬಳೇ, ನಾನೇ ಬಂದು ಅದರ ಕೆಳಗೆ ಮಲಗಿದ್ದೇನೆ!

"ತಡೀರಿ ಮಾದಪ್ಪನೋರೇ. ತುಳಿಯೋವಾಗ ನಿಮ್ಗೆ ಒಳಗೇನಾರ ಗೊತ್ತಾಯ್ತದಾ?"

"ಏನ್ ಗೊತ್ತಾಯ್ತದವ್ವಾ. ಬಿದ್ಬುಟ್ಟೇನು ಅಂತ ಗಾಬ್ರಿ ಆಯ್ತದೆ, ಅಷ್ಟೇಯಾ."

"ನಂಗೂ ಅಷ್ಟೇ ಆಯ್ತಿತ್ತು" ಎಂದು ನಾನು ಮಗ್ಗುಲಾಗಿ, ಮೊಣಕಾಲೂರಿ, ಗೋಡೆ ಹಿಡಿದು ಎದ್ದೆ. ಅತ್ತೆಗೆ ಸಿಟ್ಟು ನೆತ್ತಿಗೇರಿತು.

"ಮನೆಗೆ ಬಂದೋರ್ನ ಇಂಗಾ ಕಳ್ಸೋದು?"

"ಊಟ ಹಾಕಿ ಕಳ್ಸಣ ಅತ್ತೆ. ತುಳಿಸ್ಕಂಡೇ ಕಳ್ಸ್ಬೇಕು ಅಂತ ಏನಿಲ್ಲ."

ಮಾದಪ್ಪನವರು ಬೇಜಾರು ಮಾಡಿಕೊಳ್ಳಲಿಲ್ಲ. ಇಡ್ಲಿ ತಿಂದು ಕೈ ತೊಳೆದರು. ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡರು.

"ಅವ್ವಾ, ನೀವೂ ಕಾಲು ಮುಂದಾಗಿ ಹುಟ್ಟಿದೋರಂತೆ. ನಂಗೂ ಒಂದ್ವಾರದಿಂದ ಸೊಂಟ ಇಡ್ಕಂಡದೆ. ನಮ್ ಕಾಲು ನಮ್ಗೆ ಆಗಲ್ವಲ್ಲ. ಒಸಿ ತುಳಿದ್ಬುಡಿ."

ನಂಬಿಕೆ ಇಲ್ಲವೆಂದು ಈಗ ತಾನೇ ಎದ್ದವಳು ಯಾಕೆ ಒಪ್ಪಿದೆ ಎಂದು ಕೇಳಬೇಡಿ. ಸೊಂಟ ಹಿಡಿದುಕೊಂಡು ಬಂದವರಿಗೆ ಇಲ್ಲ ಎಂದು ನಾನು ಹೇಳಿದವಳೇ ಅಲ್ಲ. ಮಾದಪ್ಪನವರು ಅದ್ಯಾವ ಭರವಸೆಯಲ್ಲೋ ಅದೇ ಚಾಪೆಯ ಮೇಲೆ ಬೋರಲು ಮಲಗಿದರು. ನಾನು ಬಾಗಿಲವಾಡ ಹಿಡಿದುಕೊಂಡು ಎಡಗಾಲನ್ನು ಅವರ ಬೆನ್ನಿನ ಮೇಲಿಟ್ಟೆ. ಇಟ್ಟದ್ದು ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಕಾಣಲಿಲ್ಲ. ಉಸಿರು ಬಿಗಿಹಿಡಿದು ತುಳಿದೆ.

"ತುಳೀರಿ ಅವ್ವಾ" ಎಂದರು ಮಾದಪ್ಪನವರು.

ಇನ್ನೂ ಬಲವಾಗಿ ತುಳಿದೆ. ಬೆನ್ನಿನಿಂದ ಮಿಂಚು ಹೊಡೆದಂತಾಯಿತು.

"ಕಾಲು ಮಡಗಿದ್ರೆ ಸಾಲ್ದು ಅವ್ವಾ, ತುಳೀಬೇಕು."

ಮೇಷ್ಟ್ರನ್ನು ಅಯ್ಯಯ್ಯೋ ಅನ್ನಿಸಿದ ಕಾಲು ಅದು. ನಾನು ಅದನ್ನು ಕೈಯಿಂದ ಎತ್ತಿ ಕೆಳಗಿಟ್ಟೆ. "ರೀ, ಡಾಕ್ಟ್ರಿಗೆ ಫೋನ್ ಮಾಡಿ. ಆಪರೇಷನ್ ಮಾಡಿಸ್ಕತೀನಿ. ಯಾರು ಏನಾದ್ರೂ ಅನ್ಲಿ" ಎಂದೆ. ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಎಸ್‌ಟಿಡಿ ಬೂತಿಗೆ ಹೊರಟರು.

ಅತ್ತೆ ಕೊನೆಯ ಅಸ್ತ್ರವಾಗಿ ನರಸೀಪುರದಿಂದ ಅವ್ವನನ್ನು ಕರೆಸಿದರು. ನನ್ನನ್ನು ಊರವರ ಬೆನ್ನಿನ ಮೇಲೆ ನಿಲ್ಲಿಸಿದವಳೇ ಅವಳು, ಆಪರೇಷನ್ ಬೇಡ ಅನ್ನುತ್ತಾಳೆ ಎಂದು ಎಲ್ಲರಿಗೂ ಖಾತರಿ. ಅವ್ವ ಬಂದು, ಎಲೆ ಅಡಿಕೆ ಹಾಕಿಕೊಂಡು, ನನ್ನ ಎಡಗಾಲನ್ನು ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದ ಕೆರೆದಳು. "ಗೊತ್ತಾಯ್ತಾ?" ಎಂದಳು. ಇಲ್ಲ ಎಂದೆ. ಇನ್ನೊಂದು ಸಲ ಕೆರೆದಳು. ಇಲ್ಲ.

"ನೀ ಹುಟ್ಟುವಾಗ ಆ ಸೂಲಗಿತ್ತಿ ತಾಯಿ ಬೇಕಾ ಕೂಸು ಬೇಕಾ ಅಂತ ಕೇಳುದ್ಲು" ಎಂದು ಅವ್ವ ಶುರು ಮಾಡಿದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳದ ಮಾತು. "ನಿಮ್ಮಪ್ಪ, ನಿಮ್ಮಜ್ಜಿ, ಒಬ್ರೂ ಬಾಯಿ ಬುಡ್ನಿಲ್ಲ. ಉತ್ರ ಕೊಟ್ಟೋಳು ನೀನು. ಈ ಕಾಲ್ನಲ್ಲೇ ಒದ್ಕಂಡು ಬಂದೆ. ಅವತ್ತು ಯಾರ್ನೂ ಕೇಳ್ದೋಳು ಇವತ್ತು ಯಾರ್ನ ಕೇಳೀಯೆ? ಓಗು, ಕುಯ್ಸ್ಕಂಡು ಬಾ."

ಹೋದೆ. ಕುಯ್ಸಿಕೊಂಡು ಬಂದೆ. ಆಪರೇಷನ್ನಿಗೆ ಒಳಗೆ ಕರೆದೊಯ್ಯುವಾಗ ಬಳೆ, ಓಲೆ ಎಲ್ಲ ಬಿಚ್ಚಿಸಿದ ನರ್ಸಮ್ಮ, "ಹೆದರ್ಕೊಂಡಿದ್ದೀರಾ?" ಎಂದು ಕೇಳಿದಳು. ಹೌದು ಎಂದೆ. ಹೆದರಿಕೆ ಇಲ್ಲ ಎಂದು ಸುಳ್ಳು ಹೇಳುವ ಶೌರ್ಯ ನನಗೆ ಬೇಕಿರಲಿಲ್ಲ, ಹೆದರಿಕೊಂಡೇ ಹೋದೆ.

ಬೆನ್ನು ನೋವು ಪೂರ್ತಿ ಹೋಯಿತೇ ಎಂದು ಕೇಳಿದರೆ, ಇಲ್ಲ. ಚಳಿಗಾಲದಲ್ಲಿ ಈಗಲೂ ಬರುತ್ತದೆ. ಬಂದಾಗ ಹಳೆಯ ಮಾತನ್ನೇ ಹೇಳುತ್ತೇನೆ, ಮಿಷನ್ ನನ್ನದು ಎಂದು. ಆಪರೇಷನ್ ಆದ ಹೊಸತರಲ್ಲಿ ಮಿಷನ್ ಮುಟ್ಟಬಾರದೆಂದು ಮುಸುಕು ಹಾಕಿಟ್ಟಿದ್ದರು. ಗಿರಾಕಿಗಳು ಬೇರೆ ಕಡೆ ಹೊಲಿಸಿಕೊಂಡು, ಕಂಕುಳಲ್ಲಿ ಬಿಗಿಯುವ ರವಿಕೆ ತೊಟ್ಟು, ನನ್ನನ್ನು ನೋಡಲು ಬರುತ್ತಿದ್ದರು. ನನಗೆ ಅದೊಂದು ಟಾನಿಕ್ಕು. ಗೋಡೆ ಹಿಡಿದು, ಆಮೇಲೆ ಗೋಡೆ ಬಿಟ್ಟು, ನಡೆದೆ. ಅತ್ತೆಯೇ ಪಕ್ಕದಲ್ಲಿ ನಡೆಸಿದರು. "ಎದ್ದು ಓಡಾಡಿದ್ದ ನಾ ಕಾಣೆ ಅಂದಿದ್ರಲ್ಲಾ, ಕಂಡ್ರಾ?" ಎಂದರೆ, "ಬಾಯಿಗೂ ಒಂದು ಆಪ್ರೇಸನ್ ಮಾಡುಸ್ಬೇಕಿತ್ತು ನಿಂಗೆ" ಎಂದು ಗದರಿದರು, ಕೈ ಮಾತ್ರ ಬಿಡಲಿಲ್ಲ.

ಕೆಲವು ವಾರಗಳ ಮೇಲೆ ಮತ್ತೆ ಮೈಸೂರಿಗೆ ತೋರಿಸಲು ಹೋದೆವು. ಬೇಡವೆಂದರೂ ಅವ್ವ ಜೊತೆಗೆ ಹೊರಟಳು. ಡಾಕ್ಟರು ಅದೇ ಚಕ್ರದ ಸ್ಟೂಲಿನ ಮೇಲೆ ಕೂತು, ಮಂಚದ ತುದಿಗೆ ಸರಿದು, ಅಂಗೈಯನ್ನು ನನ್ನ ಎಡ ಅಂಗಾಲಿಗೆ ಒತ್ತಿದರು. ಅಂಗೈ ಬೆಚ್ಚಗಿತ್ತು. ಬೆಚ್ಚಗಿದೆ ಎಂದು ನನಗೆ ಗೊತ್ತಾಯಿತು.

"ತಳ್ಳಿಮ್ಮಾ" ಎಂದರು.

ಸೂಲಗಿತ್ತಿ, ಮೇಷ್ಟ್ರು, ಹುಲ್ಲಹಳ್ಳಿಯವನು, ಮಾದಪ್ಪನವರು, ಎಲ್ಲರನ್ನೂ ನೆನೆದು ಒಂದು ಕೊಟ್ಟೆ. ಡಾಕ್ಟರು ಸ್ಟೂಲಿನ ಸಮೇತ ಹಿಂದಕ್ಕೆ ಉರುಳಿಹೋಗಿ ಬೀರುವಿಗೆ ತಗುಲಿದರು. ಬೀರುವಿನ ಬಾಗಿಲು ಢಣ್ ಎಂದಿತು. ಯಜಮಾನರು ಗಾಬರಿಯಾಗಿ, "ಏ, ಮೆಲ್ಲಗೆ ಕಣೇ, ಡಾಕ್ಟ್ರು!" ಎಂದು ಎದ್ದು ನಿಂತರು. ಡಾಕ್ಟರು ಅಂಗೈ ಉಜ್ಜಿಕೊಳ್ಳುತ್ತ ನಗತೊಡಗಿದರು.

ಅವ್ವ ಕೂತಲ್ಲಿಂದ ಏಳಲಿಲ್ಲ. ಸೆರಗಿನಲ್ಲಿ ಒಂದು ಸಲ ಕಣ್ಣೊರೆಸಿಕೊಂಡು ಡಾಕ್ಟರಿಗೆ ಹೇಳಿದಳು:

"ಸೊಂಟ ಗಿಂಟ ಇಡ್ಕಂಡಿದ್ರೆ ಈಗ್ಲೇ ಯೋಳ್ಬುಡಿ ಸಾ. ಬೋರಲು ಮನಿಕಳಿ, ಅಲ್ಲೂ ಒಂದು ಕೊಡ್ತಾಳೆ."